ಡಾಂಟೆಯ ಮನೆತನದ ಹೆಸರು ಎಲ್ಲಿ ಹೋಯ್ತು?

(ಅಡ್ಡಹೆಸರುಗಳ, ಅಂದರೆ ಮನೆತನದ ಹೆಸರುಗಳ ಬಗ್ಗೆ ಕೊಟ್ಟ ಒಂದು ಉಪನ್ಯಾಸವನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಮಾತಿನ ಧಾಟಿಯನ್ನು ಜಾಸ್ತಿ ತಿದ್ದಿಲ್ಲ. ಸಭಿಕರು ನಡುವೆ ಕೇಳಿದ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

1189ನೇ ಇಸವಿ, ಡಿಸೆಂಬರ್ 9. ಇಟಲಿಯ ಫ್ಲಾರೆನ್ಸ್ ಊರು. ಅಲ್ಲಿ ಸಾನ್ ಮಾರ್ತಿನೋ ಅಂತ ಒಂದು ಚಿಕ್ಕ ಚರ್ಚು. ಅದರ ಗೋಡೆಯ ಪಕ್ಕದಲ್ಲೇ ಒಂದು ಅಂಜೂರದ ಮರ ಬೆಳೆದಿತ್ತು. ಪಕ್ಕದಲ್ಲಿದ್ದ ಅಣ್ಣತಮ್ಮಂದಿರಿಬ್ಬರು ಆ ಮರ ಕಡಿಸುತ್ತೇವೆ ಅಂತ ಪಾದ್ರಿಗೆ ಬರೆದುಕೊಟ್ಟರು. ಪತ್ರ ಲ್ಯಾಟಿನ್ನಿನಲ್ಲಿದೆ. ಒಬ್ಬನ ಹೆಸರು ಪ್ರೆಯಿತೆನಿತ್ತೋ. ಇನ್ನೊಬ್ಬ ಅಲಿಘಿಯೇರೋ. ಇಬ್ಬರೂ ತೀರಿಕೊಂಡ ಕಾಚ್ಚಾಗ್ವಿದಾನ ಮಕ್ಕಳು ಅಂತ ಅದರಲ್ಲಿ ಹೇಳಿದೆ. ಅಷ್ಟೇ. ಮರದ ತಕರಾರಿನ ಒಂದು ಸಾಮಾನ್ಯ ಕಾಗದ.

ಈ ಅಲಿಘಿಯೇರೋನ ಮರಿಮಗನೇ ಕವಿ ಡಾಂಟೆ ಅಲಿಘಿಯೇರಿ. ಆ ಕಾಗದ ನಮಗೆ ಮುಖ್ಯ ಆಗೋದು ಅದಕ್ಕೇ. ಅಲ್ಲಿ ಅಲಿಘಿಯೇರೋ ಅನ್ನೋದು ಇನ್ನೂ ಒಬ್ಬ ಮನುಷ್ಯನ ಸ್ವಂತ ಹೆಸರು, ಮನೆತನದ ಹೆಸರಲ್ಲ. ಅದು ಮನೆತನದ ಹೆಸರಾಗಿ ಗಟ್ಟಿಯಾಗಿದ್ದು, ಹಬ್ಬದೆ ಸೊರಗಿದ್ದು, ಕೊನೆಗೆ ಬೇರೊಂದು ಮನೆತನದ ಹೆಸರಿನ ಬಾಲ ಹಿಡಿದು ಬದುಕಿದ್ದು, ಇದೇ ಇವತ್ತಿನ ವಿಷಯ.

ಇಟಲಿಯಲ್ಲಿ ಸುಮಾರು ಮೂರೂವರೆ ಲಕ್ಷ ಬೇರೆ ಬೇರೆ ಮನೆತನದ ಹೆಸರುಗಳಿವೆ ಅಂತ ಲೆಕ್ಕ ಹೇಳುತ್ತಾರೆ. ರೋಸ್ಸಿ, ರೂಸ್ಸೋ, ಫೆರ್ರಾರಿ, ಎಸ್ಪೊಸಿತೋ, ಬಿಯಾಂಕಿ, ಇವು ಪಟ್ಟಿಯ ತಲೆಯಲ್ಲಿರೋ ಹೆಸರುಗಳು. ಇಂಥವು ಊರೂರಿಗೂ ಸಿಗುತ್ತವೆ. ಪಟ್ಟಿಯ ಬುಡದಲ್ಲಿರೋ ಹೆಸರುಗಳದ್ದು ಬೇರೆಯೇ ಕಥೆ. ಎಷ್ಟೋ ಹೆಸರುಗಳು ಒಂದೆರಡು ಕುಟುಂಬದಲ್ಲಿ ಮಾತ್ರ ಉಳಿದಿವೆ. ಅಲಿಘಿಯೇರಿ ಆ ಸಾಲಿನದು. ಲೋಕಕ್ಕೆಲ್ಲ ಗೊತ್ತಿರೋ ಹೆಸರು, ಹೊತ್ತುಕೊಂಡಿರೋರು ಬೆರಳೆಣಿಕೆ.

ಮೊದಲು ಹುಟ್ಟಿನ ಕಥೆ. ಇದನ್ನು ಹೇಳಿದ್ದು ಡಾಂಟೆಯೇ. ಅವನ ಮಹಾಕಾವ್ಯ ಡಿವೈನ್ ಕಾಮಿಡಿಯ ಮೂರನೇ ಭಾಗದಲ್ಲಿ, ಸ್ವರ್ಗದಲ್ಲಿ, ಅವನಿಗೆ ಮುತ್ತಾತನ ಅಪ್ಪ ಕಾಚ್ಚಾಗ್ವಿದಾ ಸಿಗುತ್ತಾನೆ. ಎರಡನೇ ಕ್ರುಸೇಡ್ ಅನ್ನೋ ಧರ್ಮಯುದ್ಧದಲ್ಲಿ, ಅಂದರೆ 1147ರ ಆಚೀಚೆ, ಸತ್ತ ಸೈನಿಕ. ಅವನು ಮೊಮ್ಮಗನ ಮೊಮ್ಮಗನಿಗೆ ಮನೆಯ ಚರಿತ್ರೆ ಹೇಳುತ್ತಾನೆ. ನನ್ನ ಹೆಂಡತಿ ಪೋ ನದಿಯ ಬಯಲಿನಿಂದ ಬಂದವಳು, ನಿನ್ನ ಮನೆತನದ ಹೆಸರು ಬಂದಿದ್ದು ಅಲ್ಲಿಂದಲೇ ಅನ್ನುತ್ತಾನೆ. ಅಂದರೆ ಮಗನಿಗೆ ಹೆಂಡತಿಯ ತವರಿನ ಹೆಸರು ಇಟ್ಟಿದ್ದರು. ಆ ಮಗನೇ ನಮ್ಮ ಅಂಜೂರದ ಮರದ ಅಲಿಘಿಯೇರೋ. ಹೆಂಡತಿ ಫೆರಾರಾ ಊರಿನವಳು ಅಂತ ಮುಂದೆ ಕಥೆಗಾರ ಬೊಕಾಚ್ಚೋ ಬರೆದ.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಅಪ್ಪನಿಂದ ಮಗನಿಗೆ ಹೋಗೋದು ಅಂತ ನಾವು ಅಂದುಕೊಂಡಿರೋ ಈ ಹೆಸರು ಶುರುವಾಗಿದ್ದೇ ಒಬ್ಬ ಹೆಂಗಸಿನ ಕಡೆಯಿಂದ. ಆದರೆ ಅವಳ ಸ್ವಂತ ಹೆಸರೇನು ಅಂತ ಡಾಂಟೆ ಹೇಳಲಿಲ್ಲ.

ಹೆಸರಿನ ಬೇರು ಜರ್ಮನಿಕ್ ಭಾಷೆಗಳದ್ದು. 568ರಲ್ಲಿ ಲೊಂಬಾರ್ಡರು, ಆಮೇಲೆ ಫ್ರಾಂಕರು ಉತ್ತರ ಇಟಲಿಗೆ ಬಂದರು. ಅವರ ಜೊತೆ ಅವರ ಹೆಸರುಗಳೂ ಬಂದವು. ಅವು ಹೆಚ್ಚಾಗಿ ಎರಡು ತುಂಡು ಕೂಡಿಸಿ ಮಾಡಿದ ಯುದ್ಧವೀರರ ಹೆಸರುಗಳು. ಅಲಿಘಿಯೇರೋದ ಹಳೆಯ ರೂಪ ಅಲ್ದಿಘಿಯೇರೋ. ಅದರ ಕೊನೆಯ ತುಂಡಿಗೆ ಈಟಿ ಅಂತ ಅರ್ಥ. ಮುಂದಿನ ತುಂಡಿನ ಬಗ್ಗೆ ವಿದ್ವಾಂಸರಲ್ಲಿ ಜಗಳ ಇದೆ, ಅದು ನಮಗೆ ಬೇಡ. ಪೋ ಬಯಲಿನಲ್ಲಿ ಇದ್ದ ಈ ಹೆಸರು ಗುಡ್ಡ ದಾಟಿ ಫ್ಲಾರೆನ್ಸಿಗೆ ಬರೋ ಹೊತ್ತಿಗೆ ನಾಲಿಗೆಗೆ ತಕ್ಕ ಹಾಗೆ ಸವೆದಿತ್ತು. ಹಳೆಯ ಕಾಗದಗಳಲ್ಲಿ ಅಲಾಘಿಯೇರಿ, ಅಲ್ಲಿಘಿಯೇರಿ, ಅಲ್ದಿಘಿಯೇರಿ, ಹೀಗೆ ಬರೆಯೋರ ಕೈಗೆ ಬಂದ ಹಾಗೆ ಇದೆ. ನಮ್ಮಲ್ಲಿ ರೇಷನ್ ಕಾರ್ಡಿಗೊಂದು, ಆಧಾರಿಗೊಂದು ಸ್ಪೆಲ್ಲಿಂಗ್ ಇರೋದಿಲ್ವಾ, ಹಾಗೆ.

ಹಾಗಾದರೆ ಇದು ಮನೆತನದ ಹೆಸರು ಆಗಿದ್ದು ಯಾವಾಗ? ಮಜಾ ಇರೋದು ಇಲ್ಲೇ. ಡಾಂಟೆಯ ಅಪ್ಪನ ಹೆಸರೂ ಅಲಿಘಿಯೇರೋ. ಅವನಿಗೆ ಅವನ ತಾತನ ಹೆಸರನ್ನೇ ಇಟ್ಟಿದ್ದರು. ಹಾಗಾಗಿ ಲ್ಯಾಟಿನ್ನಿನಲ್ಲಿ ಡಾಂಟೆಸ್ ಅಲಾಘೇರಿ ಅಂತ ಬರೆದರೆ ಅದನ್ನು ಎರಡು ಥರ ಓದಬಹುದು. ಅಲಿಘಿಯೇರೋನ ಮಗ ಡಾಂಟೆ ಅಂತಲೂ ಆಗುತ್ತೆ, ಅಲಿಘಿಯೇರಿ ಮನೆತನದ ಡಾಂಟೆ ಅಂತಲೂ ಆಗುತ್ತೆ. ಡಾಂಟೆಯ ಮಕ್ಕಳ ಕಾಲದಲ್ಲಿ ಈ ಗೊಂದಲ ಇಲ್ಲ. ಅವರ ಅಪ್ಪ ಡಾಂಟೆ, ಆದರೂ ಕೊನೆಗೆ ಅಲಿಘಿಯೇರಿ ಅಂತ ಇದೆ. ಅಪ್ಪನ ಹೆಸರು ದಾಟಿ ನಿಂತಾಗಲೇ ಅದು ಮನೆತನದ ಹೆಸರು.

ಡಾಂಟೆ ತನ್ನ ಮಹಾಕಾವ್ಯದಲ್ಲಿ ಈ ಅಡ್ಡಹೆಸರನ್ನು ಒಂದು ಸಲವೂ ಬರೆದಿಲ್ಲ. ಅವನ ಸ್ವಂತ ಹೆಸರೇ ಇಡೀ ಕಾವ್ಯದಲ್ಲಿ ಬರೋದು ಒಂದೇ ಸಲ, ಅವನು ಪ್ರೀತಿಸಿದ್ದ ಬೆಯಾತ್ರಿಚೆ ಗದರಿಸಿ ಕರೆಯುವಾಗ. ಆದರೆ ಮುತ್ತಾತ ಅಲಿಘಿಯೇರೋನ ಬಗ್ಗೆ ಒಂದು ಮಾತಿದೆ. ಅವನು ನೂರು ವರ್ಷಕ್ಕೂ ಮೇಲಿಂದ ಸತ್ತವರು ಪಾಪ ತೊಳೆದುಕೊಳ್ಳೋ ಶುದ್ಧೀಕರಣದ ಬೆಟ್ಟದಲ್ಲಿ, ಅಹಂಕಾರಿಗಳ ಸುತ್ತಿನಲ್ಲಿ ತಿರುಗುತ್ತಿದ್ದಾನಂತೆ. ಕಾವ್ಯದ ಕಥೆ ನಡೆಯೋದು 1300ರಲ್ಲಿ. ಅಂದರೆ ಅವನು 1200ರ ಮೊದಲೇ ಸತ್ತಿರಬೇಕು. ಆದರೆ 1201ರ ಒಂದು ಕಾಗದದಲ್ಲಿ ಆಸಾಮಿ ಜೀವಂತ ಇದ್ದಾನೆ! ತನ್ನ ಮನೆಯ ಲೆಕ್ಕದಲ್ಲೇ ಡಾಂಟೆ ಒಂದೆರಡು ವರ್ಷ ತಪ್ಪಿದ್ದ. ಮನೆಯ ಹಿರಿಯರ ಬಾಯಿಂದ ಕೇಳಿ ವಂಶಾವಳಿ ಬರೆಯೋರೆಲ್ಲ ಇದನ್ನು ನೆನಪಿಟ್ಟುಕೊಳ್ಳಬೇಕು.

ಇನ್ನು ಅಂಕಿಅಂಶ.

ಕಾಚ್ಚಾಗ್ವಿದಾ ಇನ್ನೊಂದು ಲೆಕ್ಕ ಕೊಡುತ್ತಾನೆ. ನನ್ನ ಕಾಲದಲ್ಲಿ ಫ್ಲಾರೆನ್ಸಿನಲ್ಲಿ ಆಯುಧ ಹಿಡಿಯೋ ಗಂಡಸರು ಈಗಿರೋರ ಐದನೇ ಒಂದು ಪಾಲು ಮಾತ್ರ ಇದ್ದರು ಅಂತ. ಕವಿತೆಯಲ್ಲಿ ಜನಸಂಖ್ಯೆಯ ಲೆಕ್ಕ! ಡಾಂಟೆಗಿಂತ ವಯಸ್ಸಿನಲ್ಲಿ ಸ್ವಲ್ಪ ಚಿಕ್ಕವನಾದ ಜೊವಾನ್ನಿ ವಿಲ್ಲಾನಿ ಅಂತ ಒಬ್ಬ ವ್ಯಾಪಾರಿ ಫ್ಲಾರೆನ್ಸಿನ ಚರಿತ್ರೆ ಬರೆದ. ಅವನಿಗೆ ಅಂಕಿಗಳ ಹುಚ್ಚು. 1338ರ ಹೊತ್ತಿಗೆ ಊರಿನಲ್ಲಿ 90,000 ಬಾಯಿಗಳಿವೆ ಅನ್ನುತ್ತಾನೆ. ತಲೆ ಎಣಿಸಲಿಲ್ಲ, ಬಾಯಿ ಎಣಿಸಿದ. ರೊಟ್ಟಿಯ ಖರ್ಚಿನ ಮೇಲೆ ಹಾಕಿದ ಅಂದಾಜು ಅದು.

ಅವನು ಹೇಳೋ ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಊರಿನ ಮಕ್ಕಳಿಗೆಲ್ಲ ದೀಕ್ಷಾಸ್ನಾನ ಸಾನ್ ಜೊವಾನ್ನಿಯ ಎಂಟು ಮೂಲೆಯ ಕಟ್ಟಡದಲ್ಲಿ. ಡಾಂಟೆಗೂ ಅಲ್ಲೇ ಆಗಿತ್ತು. ಅಲ್ಲಿನ ಪಾದ್ರಿ ಗಂಡು ಮಗು ಬಂದರೆ ಒಂದು ಕಪ್ಪು ಅವರೆಕಾಳು, ಹೆಣ್ಣು ಮಗು ಬಂದರೆ ಒಂದು ಬಿಳಿ ಕಾಳು ತೆಗೆದಿಡುತ್ತಿದ್ದ. ನಮ್ಮ ಅವರೆ ಅಲ್ಲ, ಅವರ ಕಡೆಯ ದಪ್ಪ ಕಾಳು. ವರ್ಷದ ಕೊನೆಗೆ ಎಣಿಸಿದರೆ 5,500ರಿಂದ 6,000 ಕಾಳು. ಕಪ್ಪು ಕಾಳು ಬಿಳಿಗಿಂತ 300ರಿಂದ 500 ಜಾಸ್ತಿ. ಕಂಪ್ಯೂಟರ್ ಬೇಡ, ರಿಜಿಸ್ಟರೂ ಬೇಡ. ಜನನದ ಲೆಕ್ಕ ಸಿಕ್ಕಿಬಿಡುತ್ತೆ.

ಆದರೆ ಕಾಳಿಗೆ ಹೆಸರಿಲ್ಲ. ನಮಗೆ ಬೇಕಾಗಿರೋದು ಹೆಸರಿನ ಲೆಕ್ಕ. ಅದಕ್ಕೆ 1427ರವರೆಗೆ ಕಾಯಬೇಕು. ಆ ವರ್ಷ ಫ್ಲಾರೆನ್ಸ್ ಸರ್ಕಾರ ತೆರಿಗೆ ಹಾಕೋಕೆ ಮನೆಮನೆಯ ಆಸ್ತಿ, ಸಾಲ, ಜನ ಎಲ್ಲ ಬರೆಸಿತು. ಅದಕ್ಕೆ ಕತಾಸ್ತೋ ಅಂತಾರೆ. ನಡುವೆ 1348ರ ಪ್ಲೇಗ್ ಬಂದು ಹೋಗಿತ್ತು. ವಿಲ್ಲಾನಿಯನ್ನೂ ಅದೇ ಕೊಂದಿತು. 90,000 ಇದ್ದ ಊರಿನಲ್ಲಿ ಈಗ ಸುಮಾರು 38,000 ಜನ. ಆ ದಾಖಲೆಯಲ್ಲಿ ಮನೆತನದ ಹೆಸರು ಹೇಳಿಕೊಂಡ ಮನೆಗಳು ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಉಳಿದವರು ಇಂಥವನ ಮಗ ಇಂಥವನು ಅಂತ ಬರೆಸಿದರು. ಹಳ್ಳಿ ಕಡೆ ಅಡ್ಡಹೆಸರು ಇದ್ದವರು ಇನ್ನೂ ಕಡಿಮೆ. ಮನೆತನದ ಹೆಸರು ಆಗ ಉಳ್ಳವರ ಸೊತ್ತು. ಆಸ್ತಿ ಇದ್ದವನಿಗೆ ಹೆಸರೂ ಬೇಕು, ಅಲ್ವಾ?

ಎಲ್ಲರಿಗೂ ಅಡ್ಡಹೆಸರು ಅಂಟಿದ್ದು ಚರ್ಚಿನ ಪುಸ್ತಕಗಳಿಂದ. 1563ರಲ್ಲಿ ಟ್ರೆಂಟ್ ಊರಿನ ಧರ್ಮಸಭೆ ಮದುವೆಗಳನ್ನು ಬರೆದಿಡಲೇಬೇಕು ಅಂತ ಪಾದ್ರಿಗಳಿಗೆ ಅಪ್ಪಣೆ ಮಾಡಿತು. ಹತ್ತಿರದ ಸಂಬಂಧದಲ್ಲಿ ಮದುವೆ ಆಗಬಾರದು ಅನ್ನೋದು ಅವರ ಚಿಂತೆ. ಸಂಬಂಧ ಗೊತ್ತಾಗಬೇಕಾದರೆ ಹೆಸರು ಸ್ಥಿರ ಇರಬೇಕು. ಆಮೇಲೆ ನೆಪೋಲಿಯನ್ ಕಾಲದಲ್ಲಿ ಸರ್ಕಾರಿ ನೋಂದಣಿ ಬಂತು. ಇಟಲಿ ಒಂದು ದೇಶವಾದ ಮೇಲೆ 1866ರ ಜನವರಿ 1ರಿಂದ ಅದು ರಾಷ್ಟ್ರದ ಕಾನೂನಾಯಿತು.

ಈಗ ಅಲಿಘಿಯೇರಿ ಮನೆಗೆ ವಾಪಸ್ ಬರೋಣ. 1301ರ ಕೊನೆಗೆ ಫ್ಲಾರೆನ್ಸಿನ ರಾಜಕೀಯದಲ್ಲಿ ಡಾಂಟೆಯ ಪಕ್ಷ ಸೋತಿತು. 1302ರಲ್ಲಿ ಮೊದಲು ದಂಡ, ಗಡಿಪಾರು. ಮಾರ್ಚ್ 10ಕ್ಕೆ ಇನ್ನೊಂದು ತೀರ್ಪು, ಸಿಕ್ಕರೆ ಜೀವಂತ ಸುಡಬೇಕು ಅಂತ. ಅವನು ಮತ್ತೆ ಊರು ನೋಡಲಿಲ್ಲ. 1321ರಲ್ಲಿ ರಾವೆನ್ನಾದಲ್ಲಿ ಸತ್ತ. ಅಂದಹಾಗೆ, ಫ್ಲಾರೆನ್ಸಿನ ನಗರಸಭೆ 2008ರಲ್ಲಿ ಆ ಶಿಕ್ಷೆಯನ್ನು ರದ್ದು ಮಾಡಿತು. ಪರವಾಗಿ 19 ಮತ, ವಿರೋಧ 5. ಏಳುನೂರು ವರ್ಷ ಆದ ಮೇಲೂ ಐದು ಜನ ಬೇಡ ಅಂದರು ನೋಡಿ!

ಡಾಂಟೆಯ ಮಗಳು ಅಂತೋನಿಯಾ ರಾವೆನ್ನಾದಲ್ಲಿ ಸನ್ಯಾಸಿನಿಯಾದಳು. ಮಗ ಯಾಕೊಪೋ ಫ್ಲಾರೆನ್ಸಿಗೆ ವಾಪಸಾದ. ಇನ್ನೊಬ್ಬ ಮಗ ಪಿಯೆತ್ರೋ ವೆರೋನಾದಲ್ಲಿ ನ್ಯಾಯಾಧೀಶನಾದ. ನಾವು ಹಿಂದೆ ಹೋಗಬೇಕಾಗಿರೋದು ಈ ಪಿಯೆತ್ರೋನ ಹಿಂದೆ. 1353ರಲ್ಲಿ ಅವನು ವೆರೋನಾದ ಹತ್ತಿರ, ವಾಲ್ಪೊಲಿಚೆಲ್ಲಾ ಗುಡ್ಡಗಳ ಗಾರ್ಗಞ್ಞಾಗೋ ಹಳ್ಳಿಯಲ್ಲಿ ಜಮೀನು ಕೊಂಡ. ದ್ರಾಕ್ಷಿಯ ಸೀಮೆ ಅದು. ಮನೆತನ ಅಲ್ಲಿ ಬೇರು ಬಿಟ್ಟಿತು. ಪಿಯೆತ್ರೋ, ಡಾಂಟೆ, ಲೆಯೊನಾರ್ದೋ, ಮತ್ತೆ ಪಿಯೆತ್ರೋ, ಮತ್ತೆ ಡಾಂಟೆ. ಅಜ್ಜನ ಹೆಸರು ಮೊಮ್ಮಕ್ಕಳಿಗೆ ಇಡೋ ಪದ್ಧತಿ ನಮಗೇನೂ ಹೊಸದಲ್ಲ.

ಈ ಲೆಯೊನಾರ್ದೋ ಒಮ್ಮೆ ಗೆಳೆಯರ ಜೊತೆ ಫ್ಲಾರೆನ್ಸಿಗೆ ಬಂದಿದ್ದ. ವಿದ್ವಾಂಸ ಲೆಯೊನಾರ್ದೋ ಬ್ರೂನಿ ಅವನನ್ನು ಕರೆದುಕೊಂಡು ಹೋಗಿ ಡಾಂಟೆಯ ಮತ್ತು ಅವನ ಹಿರಿಯರ ಮನೆಗಳನ್ನು ತೋರಿಸಿದ. ಪೂರ್ವಿಕರ ಊರಿನಲ್ಲಿ ಹುಡುಗ ಪ್ರವಾಸಿ!

ಹದಿನಾರನೇ ಶತಮಾನದ ನಡುವಿಗೆ ಬರೋ ಹೊತ್ತಿಗೆ ಮನೆಯಲ್ಲಿ ಗಂಡು ಸಂತಾನ ನಿಂತಿತು. ಉಳಿದದ್ದು ಜಿನೆವ್ರಾ ಅನ್ನೋ ಹುಡುಗಿ. ಡಾಂಟೆಯಿಂದ ಎಣಿಸಿದರೆ ಎಂಟನೇ ತಲೆ. 1549ರಲ್ಲಿ ಅವಳ ಮದುವೆ ಸೆರೆಗೋ ಮನೆತನದ ಕೌಂಟ್ ಮಾರ್ಕಾಂತೋನಿಯೋ ಜೊತೆ ಆಯಿತು. ಮನೆಯ ಕೊನೆಯ ಗಂಡಸು ಅಂತ ಇದ್ದವನು ಅವಳ ಚಿಕ್ಕಪ್ಪನೋ ದೊಡ್ಡಪ್ಪನೋ ಆಗಬೇಕಾದ ಫ್ರಾಂಚೆಸ್ಕೋ. ಅವನು ಚರ್ಚಿನವನು, ಮದುವೆ ಇಲ್ಲ. ಅವನು ವಿಲ್ ಬರೆದ. ಆಸ್ತಿ ಜಿನೆವ್ರಾಳ ಮಗನಿಗೆ, ಆದರೆ ಒಂದು ಷರತ್ತು. ಅಲಿಘಿಯೇರಿ ಅನ್ನೋ ಹೆಸರನ್ನೂ ಹೊತ್ತುಕೊಳ್ಳಬೇಕು. ಹೀಗೆ ಹುಟ್ಟಿದ್ದು ಸೆರೆಗೋ ಅಲಿಘಿಯೇರಿ ಅನ್ನೋ ಜೋಡಿ ಹೆಸರು. ಆ ಮನೆತನ ಈಗಲೂ ಇದೆ. 1353ರಲ್ಲಿ ಕೊಂಡ ಆ ಜಮೀನಿನಲ್ಲಿ ಈಗಲೂ ವೈನ್ ಆಗುತ್ತೆ.

ಇಷ್ಟು ಹೇಳಿದಾಗ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: "ಸಾರ್, ಇಷ್ಟು ದೊಡ್ಡ ಮನುಷ್ಯನ ವಂಶ ಹೀಗೆ ಕರಗಿಹೋಗೋಕೆ ಏನಾದರೂ ಕಾರಣ ಇರಬೇಕಲ್ವಾ? ಗಡಿಪಾರು, ಪ್ಲೇಗು, ಇಂಥದ್ದು?"

ನಾನು ಬಂದಿದ್ದೇ ಇದನ್ನು ಹೇಳೋಕೆ. ಕಾರಣ ಬೇಕಾಗೇ ಇಲ್ಲ. ಹೆಸರು ಅಳಿಯೋದು ಮಾಮೂಲು. ಉಳಿದರೆ ಮಾತ್ರ ಕಾರಣ ಹುಡುಕಬೇಕು.

ಇದೇ ಪ್ರಶ್ನೆ ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್‌ಗೆ ಬಂದಿತ್ತು. ದೊಡ್ಡ ಮನುಷ್ಯರ ಮನೆತನಗಳೇ ಯಾಕೆ ಅಳಿಯುತ್ತವೆ? ಬುದ್ಧಿ ಜಾಸ್ತಿಯಾದರೆ ಸಂತಾನ ಕಡಿಮೆಯಾಗುತ್ತಾ? ಹೀಗೆಲ್ಲ ಜನ ಮಾತಾಡುತ್ತಿದ್ದರು. ಗಾಲ್ಟನ್ 1873ರಲ್ಲಿ ಅದನ್ನು ಗಣಿತದ ಸಮಸ್ಯೆಯಾಗಿ ಪ್ರಕಟಿಸಿದ. ಹೆನ್ರಿ ವಾಟ್ಸನ್ ಅನ್ನೋ ಪಾದ್ರಿ ಉತ್ತರ ಕೊಟ್ಟ. 1874ರಲ್ಲಿ ಇಬ್ಬರೂ ಸೇರಿ ಲೇಖನ ಬರೆದರು. ಫ್ರಾನ್ಸಿನ ಗಣಿತಜ್ಞ ಬಿಯೆನೇಮೆ ಅದಕ್ಕೂ ಮೊದಲೇ, 1845ರಲ್ಲೇ, ಇದನ್ನು ಯೋಚಿಸಿದ್ದ. ಆದರೆ ಹೆಸರು ಮಾತ್ರ ಈ ಇಬ್ಬರಿಗೇ ಬಂತು.

ಲೆಕ್ಕ ಸುಲಭ. ಒಂದು ಊರಿನಲ್ಲಿ ನೂರು ಗಂಡಸರಿದ್ದಾರೆ ಅನ್ನಿ. ಒಬ್ಬೊಬ್ಬನಿಗೂ ಬೇರೆ ಬೇರೆ ಅಡ್ಡಹೆಸರು. ಬೆಳೆದು ದೊಡ್ಡವರಾಗೋ ಗಂಡು ಮಕ್ಕಳು ಸರಾಸರಿ ತಲೆಗೆ ಒಬ್ಬ. ಅಂದರೆ ಊರಿನ ಜನಸಂಖ್ಯೆ ಏರೋದಿಲ್ಲ, ಇಳಿಯೋದೂ ಇಲ್ಲ. ಆದರೆ ಸರಾಸರಿ ಒಂದು ಅಂದರೆ ಎಲ್ಲರಿಗೂ ಒಂದೊಂದು ಅಂತ ಅಲ್ಲವಲ್ಲ. ಒಬ್ಬನಿಗೆ ಮೂವರು, ಇನ್ನೊಬ್ಬನಿಗೆ ಬರೀ ಹೆಣ್ಣು ಮಕ್ಕಳು, ಮತ್ತೊಬ್ಬನಿಗೆ ಮಕ್ಕಳೇ ಇಲ್ಲ. ಇದು ಬರೀ ಅದೃಷ್ಟದ ಆಟ ಅಂತ ಇಟ್ಟುಕೊಂಡು ಕೂಡಿ ಕಳೆದರೆ, ಮೊದಲ ತಲೆಮಾರಿಗೇ ಸುಮಾರು 37 ಹೆಸರು ಹೋಗಿರುತ್ತವೆ. ಎರಡನೇ ತಲೆಮಾರಿಗೆ 53. ಐದನೆಯದಕ್ಕೆ 73. ಹತ್ತನೆಯದಕ್ಕೆ 84. ಊರಿನಲ್ಲಿ ಈಗಲೂ ನೂರರ ಆಸುಪಾಸು ಗಂಡಸರೇ. ಆದರೆ ಅಡ್ಡಹೆಸರು ಮಾತ್ರ ಹದಿನಾರು. ಯಾರೂ ಯಾರನ್ನೂ ಕೊಂದಿಲ್ಲ. ಪ್ಲೇಗ್ ಬಂದಿಲ್ಲ. ಗಡಿಪಾರು ಆಗಿಲ್ಲ.

ಅಂಜೂರದ ಮರದ ಅಲಿಘಿಯೇರೋನಿಂದ ಜಿನೆವ್ರಾವರೆಗೆ ಎಣಿಸಿ ನೋಡಿ. ಸುಮಾರು ಹತ್ತು ತಲೆಮಾರು. ಆ ಮನೆತನ ಅಷ್ಟು ಕಾಲ ಬಾಳಿದ್ದೇ ಹೆಚ್ಚು.

ಜನಸಂಖ್ಯೆ ಏರುತ್ತಿದ್ದರೆ? ಆಗಲೂ ತಪ್ಪಿಸಿಕೊಳ್ಳೋದು ಕಷ್ಟ. ವಾಟ್ಸನ್ ಲೆಕ್ಕದಲ್ಲಿ ಒಂದು ತಪ್ಪಿತ್ತು, ಎಲ್ಲ ಹೆಸರೂ ಅಳಿದೇ ಅಳಿಯುತ್ತೆ ಅಂದುಬಿಟ್ಟಿದ್ದ. ಜನಸಂಖ್ಯೆ ಬೆಳೆಯೋ ಕಡೆ ಕೆಲವು ಹೆಸರಿಗೆ ಉಳಿಯೋ ಅವಕಾಶ ಇದೆ ಅಂತ ಮುಂದೆ ಸರಿಪಡಿಸಿದರು. 1931ರಲ್ಲಿ ಜನಸಂಖ್ಯೆಯ ಲೆಕ್ಕದ ಪಂಡಿತ ಆಲ್ಫ್ರೆಡ್ ಲೊಟ್ಕಾ ಅಮೆರಿಕದ ಬಿಳಿಯರ 1920ರ ಜನಗಣತಿಯ ಅಂಕಿ ಹಾಕಿ ನೋಡಿದ. ಆಗ ಅಲ್ಲಿ ಜನಸಂಖ್ಯೆ ಚೆನ್ನಾಗಿ ಬೆಳೆಯುತ್ತಿತ್ತು. ಆದರೂ ಒಬ್ಬ ಗಂಡಸಿನಿಂದ ಶುರುವಾದ ವಂಶದ ಹೆಸರು ಒಂದಲ್ಲ ಒಂದು ದಿನ ಅಳಿಯೋ ಸಾಧ್ಯತೆ ಶೇಕಡ 82 ಅಂತ ಬಂತು.

ಡಾಂಟೆಗೆ ಈ ಗಣಿತ ಗೊತ್ತಿರಲಿಲ್ಲ. ವಿಷಯ ಗೊತ್ತಿತ್ತು. ಅದೇ ಕಾಚ್ಚಾಗ್ವಿದಾನ ಬಾಯಲ್ಲಿ ಫ್ಲಾರೆನ್ಸಿನ ಹಳೆಯ ದೊಡ್ಡ ಮನೆತನಗಳ ಹೆಸರುಗಳನ್ನು ಸಾಲಾಗಿ ಹೇಳಿಸುತ್ತಾನೆ. ಊಘಿ, ಕತೆಲ್ಲೀನಿ, ಗ್ರೇಚಿ, ಒರ್ಮಾನ್ನಿ, ಅಲ್ಬೆರಿಕಿ. ಆಗಲೇ ಅವು ಇಳಿಜಾರಿನಲ್ಲಿದ್ದವು. ಊರುಗಳಿಗೇ ಕೊನೆ ಇರುವಾಗ ಮನೆತನಗಳು ಕರಗೋದರಲ್ಲಿ ಆಶ್ಚರ್ಯ ಏನಿದೆ ಅನ್ನುತ್ತಾನೆ ಮುದುಕ. ಕಾವ್ಯದ ಓದುಗರು ಹೆಸರುಗಳ ಪಟ್ಟಿ ಅಂತ ಬೇಜಾರಾಗಿ ಹಾರಿಸಿಬಿಡೋ ಪುಟ ಅದು. ನನ್ನಂಥವನಿಗೆ ಅದೇ ರುಚಿ.

ಇನ್ನೊಂದು ಪ್ರಶ್ನೆ ಬಂತು: "ಹೆಸರುಗಳು ಹೀಗೆ ಅಳಿಯುತ್ತಲೇ ಇದ್ದರೆ ಮೂರೂವರೆ ಲಕ್ಷ ಹೆಸರು ಹೇಗೆ ಉಳಿದಾವು?"

ಒಳ್ಳೆಯ ಪ್ರಶ್ನೆ. ಹೊಸವು ಸೇರುತ್ತಾ ಇರುತ್ತವೆ. ಒಂದು ದೊಡ್ಡ ದಾರಿ ಅಂದರೆ ಅನಾಥ ಶಿಶುಗಳು. ಇಟಲಿಯ ಊರುಗಳಲ್ಲಿ ಆಸ್ಪತ್ರೆಯ ಗೋಡೆಯಲ್ಲಿ ತಿರುಗೋ ಪೆಟ್ಟಿಗೆ ಇರುತ್ತಿತ್ತು, ಅದಕ್ಕೆ ಚಕ್ರ ಅಂತಲೇ ಹೆಸರು. ಹೊರಗಿನಿಂದ ಮಗು ಇಟ್ಟು ತಿರುಗಿಸಿದರೆ ಒಳಗೆ ಎತ್ತಿಕೊಳ್ಳುತ್ತಿದ್ದರು. ಇಟ್ಟವರ ಮುಖ ಯಾರಿಗೂ ಕಾಣದು. ನೇಪಲ್ಸಿನ ಅನ್ನುನ್ಸಿಯಾತಾದಲ್ಲಿ ಇದ್ದ ಚಕ್ರ 1875ರವರೆಗೂ ತಿರುಗಿತು. ಅಲ್ಲಿ ಸಿಕ್ಕ ಮಕ್ಕಳೆಲ್ಲ ಎಸ್ಪೊಸಿತೋ, ಅಂದರೆ ಹೊರಗೆ ಬಿಟ್ಟವರು. ಫ್ಲಾರೆನ್ಸಿನಲ್ಲಿ 1445ರಲ್ಲಿ ತೆರೆದ ಇನ್ನೊಚೆಂತಿ ಆಸ್ಪತ್ರೆಯ ಮಕ್ಕಳು ಇನ್ನೊಚೆಂತಿ. ಮಿಲಾನಿನ ದೊಡ್ಡಾಸ್ಪತ್ರೆಯ ಲಾಂಛನ ಪಾರಿವಾಳ, ಹಾಗಾಗಿ ಅಲ್ಲಿನ ಮಕ್ಕಳಿಗೆ ಕೊಲೊಂಬೋ.

ಈ ಹೆಸರು ಹೊತ್ತವನನ್ನು ನೋಡಿದ ತಕ್ಷಣ ಅವನ ಹುಟ್ಟು ಗೊತ್ತಾಗಿಬಿಡೋದು ಅನ್ಯಾಯ ಅಂತ ಹತ್ತೊಂಬತ್ತನೇ ಶತಮಾನದ ಮೊದಲಿಗೆ ಅನ್ನಿಸಿತು. ನೇಪಲ್ಸಿನಲ್ಲಿ ಆಗ ಆಳುತ್ತಿದ್ದವನು ನೆಪೋಲಿಯನ್‌ನ ತಂಗಿಯ ಗಂಡ, ಮ್ಯೂರಾ. ಅವನ ಕಾಲದಲ್ಲಿ ಎಸ್ಪೊಸಿತೋ ಅಂತ ಹೆಸರಿಡೋದನ್ನು ನಿಲ್ಲಿಸಿದರು. ಬದಲಿಗೆ ಒಂದೊಂದು ಮಗುವಿಗೂ ಒಂದೊಂದು ಹೊಸ ಹೆಸರು ಕಟ್ಟಬೇಕು. ಗುಮಾಸ್ತರ ಕಷ್ಟ ಯೋಚಿಸಿ! ಸಿಕ್ಕ ದಿನ, ಸಿಕ್ಕ ಜಾಗ, ಹೂವು, ಹಣ್ಣು, ನದಿ, ಏನು ತೋಚಿದರೆ ಅದು. ಇಟಲಿಯ ಎಷ್ಟೋ ಅಪರೂಪದ ಹೆಸರುಗಳು ಹೀಗೆ ಒಂದೇ ಮಗುವಿನಿಂದ, ಒಬ್ಬ ಗುಮಾಸ್ತನ ಲೇಖನಿಯಿಂದ ಹುಟ್ಟಿದವು. ಅಂಥ ಹೆಸರಿಗೆ ನೀವು ಏಳುನೂರು ವರ್ಷದ ಮೂಲ ಹುಡುಕಿದರೆ ಸುಮ್ನೆ ಸುಸ್ತು.

ಹಾಗಾಗಿ ಅಪರೂಪದ ಹೆಸರು ಸಿಕ್ಕರೆ ಸಂಶೋಧಕರು ಮೊದಲು ನಕ್ಷೆ ನೋಡುತ್ತಾರೆ. ಟೆಲಿಫೋನ್ ಡೈರೆಕ್ಟರಿ ಇದಕ್ಕೆ ಬಹಳ ಕಾಲ ದೊಡ್ಡ ಆಸ್ತಿಯಾಗಿತ್ತು. ಹೆಸರು ಒಂದೇ ಕಣಿವೆಯಲ್ಲಿ ಗುಂಪಾಗಿದ್ದರೆ ಮೂಲವೂ ಬಹುಶಃ ಒಂದೇ. ದೂರದೂರದ ಊರುಗಳಲ್ಲಿ ಚೂರುಚೂರು ಇದ್ದರೆ ಬೇರೆ ಬೇರೆ ಕಡೆ ಬೇರೆ ಬೇರೆಯಾಗಿ ಹುಟ್ಟಿರಬಹುದು. ವೆರೋನಾ ಕಡೆ ಈಗಲೂ ಅಲ್ದಿಘಿಯೇರಿ ಅನ್ನೋ ಅಡ್ಡಹೆಸರಿದೆ. ಅದೇ ಜರ್ಮನಿಕ್ ಬೇರು. ಅಷ್ಟಕ್ಕೇ ಅವರನ್ನೆಲ್ಲ ಕವಿಯ ಬಂಧುಗಳು ಅನ್ನೋಕಾಗಲ್ಲ. ಇನ್ನು ಅಲಿಘಿಯೇರೋ ಅನ್ನೋದು ಕವಿಯ ಅಭಿಮಾನದಿಂದ ಮತ್ತೆ ಸ್ವಂತ ಹೆಸರಾಗಿಬಿಟ್ಟಿದೆ. 1940ರಲ್ಲಿ ಟ್ಯೂರಿನ್‌ನಲ್ಲಿ ಹುಟ್ಟಿದ ಕಲಾವಿದ ಅಲಿಘಿಯೇರೋ ಬೊಯೆತ್ತಿ ಇದಕ್ಕೆ ಉದಾಹರಣೆ.

ಅಪರೂಪಕ್ಕೆ ಪೂರ್ತಿ ಉಲ್ಟಾ ಒಂದು ಊರಿದೆ. ವೆನಿಸ್ ಪಕ್ಕದ ಕಿಯೊಜ್ಜಾ. ಮೀನುಗಾರರ ಊರು. ಅಲ್ಲಿ ಎಲ್ಲಿ ಕೂಗಿದರೂ ಬೊಸ್ಕೊಲೋ, ಇಲ್ಲದಿದ್ದರೆ ತಿಯೊತ್ಸೋ. ಒಂದೇ ಹೆಸರು, ಒಂದೇ ಅಡ್ಡಹೆಸರಿನ ಎಷ್ಟೋ ಜನ. ಅಂಚೆಯವನ ಪಾಡು ದೇವರಿಗೇ ಪ್ರೀತಿ. ಕೊನೆಗೆ ಒಂದೊಂದು ಮನೆಯನ್ನೂ ಜನ ಗುರುತಿಗೆ ಕರೆಯೋ ಹೆಸರನ್ನೂ ಸರ್ಕಾರಿ ಕಾಗದದಲ್ಲಿ ಸೇರಿಸಬೇಕಾಯಿತು. ಬೊಸ್ಕೊಲೋ ಅಂಜೊಲೆತ್ತಿ, ಬೊಸ್ಕೊಲೋ ಮಾರ್ಕಿ, ಹೀಗೆ.

ಅಡ್ಡಹೆಸರಿಗೂ ರಕ್ತಕ್ಕೂ ಎಷ್ಟು ನಂಟು? ಇದನ್ನು ಗಂಭೀರವಾಗಿ ಹಿಡಿದವರು ತಳಿವಿಜ್ಞಾನಿ ಲೂಕಾ ಕಾವಲ್ಲಿ ಸ್ಫೋರ್ತ್ಸಾ. ಪಾರ್ಮಾ ನದಿಯ ಕಣಿವೆಯ ಹಳ್ಳಿಗಳಲ್ಲಿ ಚರ್ಚಿನ ಪುಸ್ತಕಗಳನ್ನು ಇಟ್ಟುಕೊಂಡು ಕೆಲಸ ಮಾಡಿದರು. ಜೊತೆಗಿದ್ದ ಅಂತೋನಿಯೋ ಮೊರೋನಿ ಪಾದ್ರಿಯೂ ಹೌದು, ವಿಜ್ಞಾನಿಯೂ ಹೌದು. ಪುಸ್ತಕ ಸಿಗೋದು ಸುಲಭವಾಯಿತು! ಮನೆತನದ ಹೆಸರು ಅಪ್ಪನಿಂದ ಮಗನಿಗೆ ಹೋಗುತ್ತೆ, ಗಂಡಸರಲ್ಲಿ ಮಾತ್ರ ಇರೋ ವೈ ಕ್ರೋಮೊಸೋಮೂ ಹಾಗೇ. ಹಾಗಾಗಿ ಹೆಸರಿನ ಹಂಚಿಕೆ ನೋಡಿ ಜನರ ಓಡಾಟ, ಒಳಮದುವೆ ಎಲ್ಲ ಅಂದಾಜು ಮಾಡಬಹುದು.

ಆದರೆ ಹೆಸರು ತೋರಿಸೋದು ವಂಶದ ಒಂದೇ ಎಳೆ. ವೆರೋನಾದಿಂದ ಅಷ್ಟೇನೂ ದೂರವಿಲ್ಲದ ಗಾರ್ದಾ ಸರೋವರದ ದಡದಲ್ಲಿ ಲಿಮೋನೆ ಅಂತ ಒಂದು ಹಳ್ಳಿ. ಸುಮಾರು ಸಾವಿರ ಜನ. 1930ರ ದಶಕದಲ್ಲಿ ರಸ್ತೆ ಆಗೋವರೆಗೂ ದೋಣಿಯಲ್ಲೇ ಓಡಾಟ. 1970ರ ದಶಕದಲ್ಲಿ ಅಲ್ಲಿನ ಮೂಲದ ಒಬ್ಬ ರೋಗಿಯ ರಕ್ತದಲ್ಲಿ ವೈದ್ಯರಿಗೆ ಒಂದು ವಿಚಿತ್ರ ಕಂಡಿತು. ಕೊಲೆಸ್ಟರಾಲ್ ಕೆಟ್ಟಿದೆ, ರಕ್ತನಾಳ ಮಾತ್ರ ಚೆನ್ನಾಗಿದೆ. ಪ್ರೋಟೀನಿನಲ್ಲಿ ಒಂದು ಬದಲಾವಣೆ ಇತ್ತು, ಅದಕ್ಕೆ ಎ-ಒನ್ ಮಿಲಾನೋ ಅಂತ ಹೆಸರಿಟ್ಟರು. ಇಡೀ ಹಳ್ಳಿಯ ರಕ್ತ ಪರೀಕ್ಷೆ ಮಾಡಿ, ಚರ್ಚಿನ ಪುಸ್ತಕ ಹಿಡಿದು ಹಿಂದಕ್ಕೆ ಹೋದರು. ಆ ಗುಣ ಇದ್ದ ಸುಮಾರು ನಲವತ್ತು ಜನರ ಎಳೆಯೂ 1780ರಲ್ಲಿ ಹುಟ್ಟಿದ ಒಬ್ಬನೇ ಮನುಷ್ಯನಿಗೆ ಹೋಗಿ ನಿಂತಿತು. ಗಮನಿಸಿ, ಆ ಗುಣ ಹೆಣ್ಣು ಮಕ್ಕಳ ಮೂಲಕವೂ ಹರಿಯುತ್ತೆ. ಅಡ್ಡಹೆಸರು ಮದುವೆಯ ಬಾಗಿಲಲ್ಲಿ ನಿಂತುಬಿಡುತ್ತೆ. ಡಾಂಟೆಯ ರಕ್ತವೂ ಹೀಗೇ. ಎಂಟು ತಲೆಮಾರಿನಲ್ಲಿ ಎಷ್ಟು ಹೆಣ್ಣು ಮಕ್ಕಳು ಯಾವ ಯಾವ ಮನೆ ಸೇರಿದರೋ. ಅವರ ಸಂತಾನ ಇದ್ದರೆ ಅವರು ರೋಸ್ಸಿಗಳೋ ಫೆರ್ರಾರಿಗಳೋ ಆಗಿರುತ್ತಾರೆ.

"ನಮ್ಮ ಮಂಗಳೂರಿಗೆ ಇಟಲಿಯವರು ಬಂದಿದ್ದರಲ್ಲ, ಅವರ ಹೆಸರುಗಳು ಉಳಿದಿವೆಯಾ?" ಅಂತ ಒಬ್ಬ ಹಿರಿಯರು ಕೇಳಿದರು. ಬಂದಿದ್ದು ನಿಜ. 1878ರ ಕೊನೆಗೆ ಇಟಲಿಯ ಜೆಸ್ವಿಟ್ ಪಾದ್ರಿಗಳು ಬಂದರು. 1880ರಲ್ಲಿ ಸೇಂಟ್ ಅಲೋಶಿಯಸ್ ಕಾಲೇಜು ಶುರುವಾಯಿತು. ಅಲ್ಲಿನ ಚಾಪೆಲ್‌ನ ಗೋಡೆ, ಮಾಳಿಗೆಯ ತುಂಬ ಚಿತ್ರ ಬರೆದ ಅಂತೋನಿಯೋ ಮೊಸ್ಕೇನಿ ಬೆರ್ಗಾಮೋ ಹತ್ತಿರದ ಸ್ತೆತ್ಸಾನೋದವರು. ಕೊಂಕಣಿಯ ವ್ಯಾಕರಣ, ನಿಘಂಟು ಮಾಡಿದ ಮಾಫೇಯಿ ಕೂಡ ಆ ಗುಂಪಿನವರೇ. ಮಾಫೇಯಿ ಅಂದರೆ ಮತ್ತಾಯನ ಒಂದು ರೂಪ. ಆದರೆ ಇವರೆಲ್ಲ ಮದುವೆಯಾಗದ ಜೆಸ್ವಿಟರು. ಚಿತ್ರ ಉಳಿಯಿತು, ನಿಘಂಟು ಉಳಿಯಿತು, ಮನೆತನದ ಹೆಸರು ಉಳಿಯೋ ಮಾತೇ ಇಲ್ಲ. ಮಂಗಳೂರಿನ ಡಿಸೋಜ, ಪಿಂಟೊ ಎಲ್ಲ ಪೋರ್ಚುಗೀಸ್ ಹೆಸರುಗಳು, ಗೋವಾದ ದಾರಿಯಲ್ಲಿ ಬಂದವು.

ಕೊನೆಯ ಪ್ರಶ್ನೆ ಒಬ್ಬ ಹುಡುಗಿಯದು: "ಅಮ್ಮನ ಹೆಸರನ್ನೂ ಕೊಟ್ಟರೆ ಈ ಸಮಸ್ಯೆ ಇರಲ್ಲ ಅಲ್ವಾ ಸಾರ್?"

ಇಟಲಿಯಲ್ಲಿ ಈಗ ಹಾಗೇ ಆಗಿದೆ. ಅಪ್ಪನ ಹೆಸರು ತಾನಾಗೇ ಬರೋ ಪದ್ಧತಿಯನ್ನು ಪ್ರಶ್ನಿಸಿ ಒಂದು ದಂಪತಿ ಯುರೋಪಿನ ಮಾನವ ಹಕ್ಕುಗಳ ಕೋರ್ಟಿಗೆ ಹೋದರು. 2014ರಲ್ಲಿ ಅವರು ಗೆದ್ದರು. 2022ರಲ್ಲಿ ಇಟಲಿಯ ಸಂವಿಧಾನ ಕೋರ್ಟು ಹೇಳಿತು: ಮಗುವಿಗೆ ಅಪ್ಪ ಅಮ್ಮ ಇಬ್ಬರ ಹೆಸರೂ ಬರಬೇಕು, ಯಾವುದು ಮೊದಲು ಅಂತ ಅವರೇ ಒಪ್ಪಿಕೊಳ್ಳಲಿ, ಒಂದೇ ಸಾಕು ಅಂತ ಇಬ್ಬರೂ ಒಪ್ಪಿದರೆ ಅದೂ ಆಗಬಹುದು. ಕ್ರಮದ ಬಗ್ಗೆ ಜಗಳ ಬಂದರೆ ನ್ಯಾಯಾಧೀಶರು ತೀರ್ಮಾನಿಸಬೇಕು. ಜೊತೆಗೆ ಕೋರ್ಟು ಇನ್ನೊಂದು ಮಾತು ಸೇರಿಸಿತು. ಮುಂದಿನ ತಲೆಮಾರಿನಲ್ಲಿ ಎರಡು ನಾಲ್ಕಾಗುತ್ತೆ, ನಾಲ್ಕು ಎಂಟಾಗುತ್ತೆ, ಅದಕ್ಕೊಂದು ಕಾನೂನು ಮಾಡಿ ಅಂತ ಸಂಸತ್ತಿಗೆ ಹೇಳಿತು.

ಈಗ ಲೆಕ್ಕ ಹಾಕೋಣ. ಇಟಲಿಯಲ್ಲಿ ಹೆಂಗಸೊಬ್ಬಳಿಗೆ ಸರಾಸರಿ ಮಕ್ಕಳು ಸುಮಾರು 1.2. ಅಪ್ಪನ ಹೆಸರು ಮಾತ್ರ ಹೋಗೋ ಹಳೇ ಪದ್ಧತಿಯಲ್ಲಿ, ಹೆಸರು ಹೊತ್ತ ಒಬ್ಬ ಗಂಡಸಿಗೆ ಹೆಸರು ಮುಂದುವರಿಸೋ ಗಂಡು ಮಕ್ಕಳು ಸರಾಸರಿ 0.6. ನೂರು ಇದ್ದದ್ದು ಅರವತ್ತು, ಅರವತ್ತು ಮೂವತ್ತಾರು, ಮೂವತ್ತಾರು ಇಪ್ಪತ್ತೆರಡು. ಮೂರೇ ತಲೆಮಾರಿಗೆ! ಹೊಸ ಪದ್ಧತಿಯಲ್ಲಿ ಮಗಳೂ ಹೆಸರು ದಾಟಿಸಬಹುದು, ನಿಜ. ಆದರೆ ಎರಡು ಹೆಸರು ಹೊತ್ತವರು ಮಗುವಿಗೆ ಕೊಡೋದು ಒಂದನ್ನೇ, ಇನ್ನೊಂದು ಸಂಗಾತಿಯ ಕಡೆಯಿಂದ ಬರುತ್ತೆ ಅಂತ ಇಟ್ಟುಕೊಳ್ಳೋಣ. 1.2 ಮಕ್ಕಳು, ಈ ಹೆಸರು ಹೋಗೋ ಸಾಧ್ಯತೆ ಅರ್ಧ. ಮತ್ತೆ ಅದೇ 0.6. ಶುರುವಿನಲ್ಲಿ ಹೆಸರು ಹೊತ್ತವರ ಸಂಖ್ಯೆ ಒಂದು ಸಲ ಏರುತ್ತೆ, ಆಮೇಲೆ ಇಳಿಜಾರು ಮಾತ್ರ ಅದೇ.

ಒಂದು ವ್ಯತ್ಯಾಸ ಇದೆ. ಆ ಅರ್ಧ ಅನ್ನೋದು ನಾಣ್ಯ ಚಿಮ್ಮಿ ಬರೋದಲ್ಲ, ಮನುಷ್ಯರು ಕೂತು ಆರಿಸೋದು. ರೋಸ್ಸಿ ಮತ್ತು ಅಲಿಘಿಯೇರಿ ಎರಡೂ ಹೊತ್ತ ಒಬ್ಬ ತಾಯಿ ಮಗುವಿಗೆ ಯಾವುದನ್ನು ಕೊಡುತ್ತಾಳೆ? ರೋಸ್ಸಿ ಹೇಗೂ ಸಾವಿರಾರು ಜನರ ಹತ್ತಿರ ಇದೆ. ಹೀಗೆ ಜನ ಅಪರೂಪದ್ದನ್ನೇ ಆರಿಸಿಕೊಳ್ಳೋಕೆ ಶುರು ಮಾಡಿದರೆ ಅಂಥ ಹೆಸರಿನ 0.6 ಮೇಲೇರುತ್ತೆ, ರೋಸ್ಸಿಯದು ಕೆಳಗಿಳಿಯುತ್ತೆ. ಎಲ್ಲ ಮಕ್ಕಳಿಗೂ ಅದನ್ನೇ ಕೊಟ್ಟರೆ 1.2ರವರೆಗೂ ಹೋಗಬಹುದು, ಅಂದರೆ ಒಂದರ ಗೆರೆ ದಾಟುತ್ತೆ. ಗಾಲ್ಟನ್ ಮತ್ತು ವಾಟ್ಸನ್ ಲೆಕ್ಕದಲ್ಲಿ ಈ ಆಯ್ಕೆಗೆ ಜಾಗವೇ ಇರಲಿಲ್ಲ. ವಿಲ್ ಬರೆದು, ಷರತ್ತು ಹಾಕಿ ಆ ಕೆಲಸ ಮಾಡಿಸಿದ್ದು ಫ್ರಾಂಚೆಸ್ಕೋ ಒಬ್ಬನೇ ಅಲ್ಲ, ಆಸ್ತಿ ಇದ್ದ ಮನೆಗಳಲ್ಲಿ ಅದು ನಡೆಯುತ್ತಿತ್ತು. ಈಗ ಆಸ್ತಿ ಇಲ್ಲದವರಿಗೂ ಆ ದಾರಿ ತೆರೆದಿದೆ. ಎಷ್ಟು ಜನ ಅದರಲ್ಲಿ ನಡೀತಾರೆ ಅನ್ನೋದು 2022ರ ನಂತರ ಹುಟ್ಟಿದ ಮಕ್ಕಳಿಗೆ ಮಕ್ಕಳಾದಾಗಲೇ ಗೊತ್ತಾಗೋದು.